ನೂರಾ ನಲವತ್ತೊಂದನೆಯ ಪುಟದ ಖೂನ

ವಿಜಯಪುರ
ಸೋಮವಾರ, ೧೭ ನವೆಂಬರ್ ೨೦೨೫

ತಾಯವ್ವಾ,

ಸೌಭಾಗ್ಯವತಿ ಎಂದು ಬರೆಯಲು ಹೋದೆ, ಪೆನ್ನು ನಿಂತಿತು. ಹನ್ನೊಂದು ವರ್ಷದಿಂದ ನೀನು ತಿಕೋಟಾದಲ್ಲಿ ತಂಗಿ ಹುಚ್ಚವ್ವನ ಮನೆಯಲ್ಲಿ, ನಾನು ಇಲ್ಲಿ. ಇಂಥ ಗಂಡ ಸೌಭಾಗ್ಯವೋ ಪೀಡೆಯೋ ಎಂಬುದನ್ನು ನಿನಗೇ ಬಿಟ್ಟು, ಬರೀ ಹೆಸರು ಬರೆದಿದ್ದೇನೆ. ನನ್ನ ಫೋನನ್ನು ನೀನು ಎತ್ತುವುದಿಲ್ಲ. ಆದ್ದರಿಂದ ಈ ಹಾಳೆಗಳು.

ನಿನ್ನ ಮೊಣಕಾಲು ನೋವಿನ ಸುದ್ದಿ, ಆದರೂ ಒಣದ್ರಾಕ್ಷಿಯ ಮಣೂಕ ಆರಿಸುವ ಶೆಡ್ಡಿಗೆ ಹೋಗುವುದನ್ನು ನೀನು ಬಿಟ್ಟಿಲ್ಲವೆಂಬ ಸುದ್ದಿ, ಎರಡನ್ನೂ ಹುಚ್ಚವ್ವನ ಮಗಳು ಭಾಗ್ಯಾ ಹೇಳಿದಳು. ನೀನು ಹೇಳಿ ಕಳಿಸಿದ ಮಾತನ್ನೂ ನಿನ್ನದೇ ದನಿಯಲ್ಲಿ ಒಪ್ಪಿಸಿದಳು. "ಬಾಬುಸಾಬನ ಪುಸ್ತಕದಾಗ ನನ್ನ ಹೆಸರು ಇದ್ರ ಕಳಸು ಅನ್ನು, ಇಲ್ಲಂದ್ರ ಬ್ಯಾಡ ಅನ್ನು." ಇಪ್ಪತ್ತೊಂದು ದಿನವಾಯಿತು. ಪ್ರತಿ ಸೋಮವಾರ ಆ ಹುಡುಗಿ ಕಾಲೇಜಿಗೆ ಹೋಗುವ ದಾರಿಯಲ್ಲಿ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಪ್ರತಿ ಸೋಮವಾರ ಇನ್ನೂ ಓದಿ ಮುಗಿದಿಲ್ಲವೆನ್ನುತ್ತೇನೆ. ಓದಿ ಮುಗಿಸಿದ್ದು ಮೊದಲನೆಯ ದಿನವೇ.

ಹೆಸರು ಇದೆ. ಇನ್ನೂರಾ ಹನ್ನೆರಡು ಪುಟಗಳಲ್ಲಿ ಒಂದೇ ಒಂದು ಸಲ, ನೂರಾ ನಲವತ್ತೊಂದನೆಯ ಪುಟದಲ್ಲಿ. ಪುಸ್ತಕವನ್ನು ದಾರದಿಂದ ಕಟ್ಟಿ ಕಳಿಸಿದ್ದೇನೆ. ನನ್ನ ಮೇಲೆ ಎಳ್ಳುಕಾಳಿನಷ್ಟು ಕರುಣೆ ಉಳಿದಿದ್ದರೆ ದಾರ ಬಿಚ್ಚುವ ಮೊದಲು ಈ ಪತ್ರ ಓದು.

ನಮ್ಮ ಬಾಬುಸಾಬ ಆತ್ಮಕಥೆ ಬರೆಯುತ್ತಾನೆಂಬ ಸುದ್ದಿ ಬಂದಾಗ ಈ ಊರಿನಲ್ಲಿ ಏನು ಸಂಭ್ರಮ! ಕಂಪನಿ ನಾಟಕದ ಡೇರೆಯೊಳಗೆ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರ ಪಕ್ಕದಲ್ಲಿ ಕರೆಂಟಿನ ಗಿಟಾರು ಹಿಡಿದು ಕುಳಿತ ಮೊದಲ ಗಂಡಸು. ಮೈಕಿನವನ ಹಳೆಯ ಆಂಪ್ಲಿಫೈಯರಿನಿಂದ ಕುದುರೆ ಕೆನೆತ, ಬಿರುಗಾಳಿ, ಬೆಂಕಿ ಎಲ್ಲವನ್ನೂ ಹೊರಡಿಸಿದ ಮಾಯಗಾರ. ಸ್ಟೇಷನ್ ರಸ್ತೆಯಲ್ಲಿ ಮೊಬೈಲು ರಿಪೇರಿ ಮಾಡುವ ಯುನುಸನ ಅಂಗಡಿಯೇ ನಮ್ಮ ಅಭಿಮಾನಿ ಬಳಗದ ಕಚೇರಿ. ಹದಿನೇಳು ಮಂದಿ ಸದಸ್ಯರು. ಅಧ್ಯಕ್ಷ ಯಾರೆಂದು ಕೇಳಬೇಡ, ನಾನೇ. ಮೂವತ್ತು ಪ್ರತಿಗಳ ಗಂಟು ಬಂದ ದಿನ ಯುನುಸ ಅದಕ್ಕೆ ಊದಿನಕಡ್ಡಿ ಹಚ್ಚಿದ, ಗಂಟಿನ ದಾರವನ್ನು ನಾನು ಒಂದು ಸಣ್ಣ ಭಾಷಣ ಮಾಡಿ ಕತ್ತರಿಸಿದೆ.

ಒಂದು ವಾರದೊಳಗೆ ಎಲ್ಲರ ಮುಖ ಬೆಂಡಾದ ಬದನೆಕಾಯಿ. ಪುಸ್ತಕ ತೆರೆದರೆ ಶಾಲು. ಮುಚ್ಚಿದರೆ ಹಾರ. ಯಾವ ಊರಿನಲ್ಲಿ ಯಾವ ಮಂತ್ರಿ ಶಾಲು ಹೊದಿಸಿದ, ಅದರ ಬಣ್ಣ ಯಾವುದು, ಊಟಕ್ಕೆ ಮಾದಲಿ ಇತ್ತೋ ಹೋಳಿಗೆ ಇತ್ತೋ ಎಂಬುದೇ ಪುಟಗಟ್ಟಲೆ. ಸಕ್ಕರೆ ಕಾಯಿಲೆಯ ಪಥ್ಯದ ಮೇಲೆ ಒಂದು ಇಡೀ ಅಧ್ಯಾಯ. ಗಿಟಾರಿನ ಬೆಲೆ ಬರೆದಿದ್ದಾನೆ, ಗಿಟಾರಿನ ದನಿ ಬರೆದಿಲ್ಲ. ಕ್ಲಾರಿಯೊನೆಟ್ಟಿನವನಿಲ್ಲ, ತಬಲಾದವನಿಲ್ಲ. ಇದು ಆತ್ಮಕಥೆಯಲ್ಲ, ನಡುವಂಕದಲ್ಲಿ ಮೈಕಿನಲ್ಲಿ ಓದುವ ಆಯೇರಿ ಉಡುಗೊರೆಗಳ ಪಟ್ಟಿ ಎಂದು ಯಾರೋ ಅಂದರು. ಯುನುಸ ತನ್ನ ದೇವರನ್ನು ಬಿಟ್ಟುಕೊಡಲಿಲ್ಲ. "ಕಾಕಾ, ಬಾರಸಾಂವಗ ಬರಿಯಾಕ ಬರಲಿಲ್ಲ, ಅದೇನ ಗುನ್ನೇ ಏನ್ರಿ?" ಎಂದು ನನ್ನನ್ನೇ ಕೇಳಿದ. ಅದಕ್ಕೆ ನಾನೂ ತಲೆಯಾಡಿಸಿದೆ.

ಆದರೆ ಎಲ್ಲರೂ ಕಾದದ್ದು ಒಂದಕ್ಕೇ. ಸಿಡಿಲಿಗೆ.

ಆ ಸೀನನ್ನು ನಿನಗೆ ನಾನು ಬಣ್ಣಿಸುವುದು ಒಕ್ಕಲಿಗನಿಗೆ ಜೋಳ ತೋರಿಸಿದಂತೆ. ಆದರೂ ಬರೆಯುತ್ತೇನೆ. ಏಕೆಂದರೆ ಸಾವಿರಾರು ಪ್ರಯೋಗಗಳಲ್ಲಿ ಅದನ್ನು ಒಮ್ಮೆಯೂ ನೋಡದವನು ನಾನು ಎಂಬುದು ನನಗೆ ಈಗ ತಿಳಿದಿದೆ. ಮೂರನೆಯ ಅಂಕ. ನಾನು ದುಷ್ಟ ಸರದಾರ, ಕುಡಿದು ರಂಗದ ನಟ್ಟನಡುವೆ ಮೂರ್ಛೆ ಬಿದ್ದಿದ್ದೇನೆ, ಕಣ್ಣು ಮುಚ್ಚಿದೆ. ಗಂಡನನ್ನು ಕಳೆದುಕೊಂಡ ನೀನು ಕಠಾರಿ ಎತ್ತಿಕೊಂಡು ಬರುತ್ತೀ. ಮಾತಿಲ್ಲ. ಕೆಳಗಿನಿಂದ ಬಾಬುಸಾಬನ ಗಿಟಾರು ಹಾವಿನಂತೆ ಏಳುತ್ತದೆ, ಏರುತ್ತದೆ, ಡೇರೆಯ ಕಂಬಗಳು ನಡುಗುತ್ತವೆ, ಇನ್ನೇನು ಎನ್ನುವಾಗ ಫಕ್ಕನೆ ನಿಂತುಬಿಡುತ್ತದೆ. ಮೌನ. ಎರಡು ಸಾವಿರ ಮಂದಿಯಲ್ಲಿ ಒಬ್ಬನೂ ಕೆಮ್ಮುವುದಿಲ್ಲ. ಆಮೇಲೆ ಕಠಾರಿ ಇಳಿಯುತ್ತದೆ, ಗಿಟಾರಿನಿಂದ ಸಿಡಿಲು ಬೀಳುತ್ತದೆ, ನಾನು ಸಾಯುತ್ತೇನೆ.

ತೊಂಬತ್ತೊಂದರಲ್ಲಿ ಬಬಲೇಶ್ವರದ ಕ್ಯಾಂಪಿನಲ್ಲಿ ಧ್ವನಿಮುದ್ರಣ ಮಾಡಿದ ಕ್ಯಾಸೆಟ್ಟಿನಲ್ಲಿ ಆ ಮೌನ ಒಂಬತ್ತು ಸೆಕೆಂಡು ಇದೆ. ಬಳಗದವರು ಗಡಿಯಾರ ಹಿಡಿದು ಎಣಿಸಿದ್ದಾರೆ. ಆ ಒಂಬತ್ತು ಸೆಕೆಂಡು ಯಾರ ತಲೆಯಲ್ಲಿ ಹುಟ್ಟಿತು ಎಂಬುದರ ಮೇಲೆ ಸ್ಟೇಷನ್ ರಸ್ತೆಯಲ್ಲಿ ಎಷ್ಟು ಚಹಾ ಖರ್ಚಾಗಿದೆಯೋ ಲೆಕ್ಕವಿಲ್ಲ. ಬಾಬುಸಾಬನ ತಪಸ್ಸು ಅದು ಎಂದು ಯುನುಸ. ತಂತಿ ಹರಿದಿರಬೇಕು ಎಂದು ಇನ್ನೊಬ್ಬ. ನಾನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಆದರೆ ಒಳಗೊಳಗೆ ಬಲ್ಲೆ ಎಂದುಕೊಂಡಿದ್ದೆ. ನಾನು ಬಿದ್ದಿರುತ್ತಿದ್ದ ಭಂಗಿ ಅಂಥದು, ಅದನ್ನು ನೋಡಿಯೇ ಡೇರೆ ಉಸಿರು ಬಿಗಿಹಿಡಿಯುತ್ತದೆ, ಅದಕ್ಕೆ ಬಾಬುಸಾಬ ತಡೆಯುತ್ತಾನೆ! ನಗು. ನಕ್ಕರೆ ನನಗೆ ಸ್ವಲ್ಪ ಹಗುರಾದೀತು.

ಬಳಗದಲ್ಲಿ ಕೈನಾತ ಎಂಬ ಹೆಣ್ಣುಮಗಳಿದ್ದಾಳೆ. ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಾಳೆ, ಆ ಕ್ಯಾಸೆಟ್ಟು ಕೇಳಿ ಕೇಳಿಯೇ ಗಿಟಾರು ಕಲಿತವಳು. ಸಿಡಿಲನ್ನು ನುಡಿಸಿ ಯೂಟ್ಯೂಬಿಗೆ ಹಾಕುತ್ತಾಳೆ. ಎಲ್ಲಕ್ಕಿಂತ ಕಷ್ಟದ್ದು ಆ ಮೌನ, ಎಂಟು ಸೆಕೆಂಡಿಗೇ ಕೈ ಜಾರಿಬಿಡುತ್ತದೆ ಎನ್ನುತ್ತಿದ್ದಳು. ಆ ಮೌನದ ಗುಟ್ಟು ಆತ್ಮಕಥೆಯಲ್ಲಿ ಸಿಕ್ಕೀತೆಂದು ನಮ್ಮೆಲ್ಲರಿಗಿಂತ ಹೆಚ್ಚು ಕಾದವಳು ಅವಳು. ಸಿಕ್ಕಿದ್ದು ಒಂದು ವಾಕ್ಯ. ಇಗೋ, ಅಚ್ಚಾದಂತೆಯೇ ಬರೆಯುತ್ತೇನೆ, ಮನಸ್ಸು ಗಟ್ಟಿ ಮಾಡಿಕೊ:

"ಸಿಡಿಲಿನ ದೃಶ್ಯದಲ್ಲಿ ತಾಯವ್ವ ಕೊಲೆ ಮಾಡುತ್ತಿದ್ದಳು, ನಾನು ಬಾರಿಸುತ್ತಿದ್ದೆ."

ಅಷ್ಟೇ. ಮುಂದಿನ ಸಾಲಿನಲ್ಲಿ ಮತ್ತೆ ಶಾಲು.

ಈ ಒಂದು ಸಾಲನ್ನು ಊರು ಹೇಗೆ ಓದಿತು ಕೇಳು. ತಾಯವ್ವ ಸಂಗೀತವನ್ನು ಕೊಲೆ ಮಾಡುತ್ತಿದ್ದಳು, ತಾಳ ತಪ್ಪಿಸುತ್ತಿದ್ದಳು, ಅದಕ್ಕೆ ಉಸ್ತಾದರು ಅವಳನ್ನು ಬಾರಿಸುತ್ತಿದ್ದರು! ಇಷ್ಟು ಶಿಸ್ತಿನ ಮನುಷ್ಯ ಎಂದು ನಾಲ್ಕು ಮಂದಿ ಮೆಚ್ಚಿಕೊಂಡರು. ಅದು ಬರೀ ನಾಟಕದ ಕೊಲೆ, ಬರೀ ಗಿಟಾರು ಬಾರಿಸಿದ್ದು ಎಂದು ಇಬ್ಬರು ವಾದಿಸಿದರು, ಆದರೆ ಅದಷ್ಟೇ ಆಗಿದ್ದರೆ ಬರೆಯುವ ದರ್ದೇನಿತ್ತು ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದರು. ಕೈನಾತ ಪುಸ್ತಕವನ್ನು ಯುನುಸನ ಕೌಂಟರಿನ ಮೇಲಿಟ್ಟು ನನ್ನ ಕಡೆ ತಿರುಗಿದಳು. "ಹೆಣ್ಮಗಳಿಗೆ ಹೊಡದದ್ದನ್ನ ತಾವ ಬರಕೊಂಡಾರ ಕಾಕಾ. ನಾ ಇನ್ನ ಸಿಡಿಲು ನುಡಸಂಗಿಲ್ರಿ."

ಮಾತು ಅಲ್ಲಿಗೆ ನಿಲ್ಲಲಿಲ್ಲ. ಅವಳು ಒಂದು ವಿಡಿಯೋ ಮಾಡಿ ಹಾಕಿದ್ದಾಳೆ. ನಿನ್ನ ಹೆಸರು ಹೇಳಿ, ಪೆಟ್ಟು ತಿಂದ ಕಲಾವಿದೆ ಎಂದು ಕಣ್ಣೀರು ತುಂಬಿಕೊಂಡು ಮಾತಾಡಿದ್ದಾಳೆ. ನಲವತ್ತು ಸಾವಿರ ಮಂದಿ ನೋಡಿದ್ದಾರಂತೆ. ನಾವು ಆಡಿದ ಯಾವ ಡೇರೆಯಲ್ಲೂ ಇಷ್ಟು ಮಂದಿ ನಿನ್ನ ಹೆಸರು ಕೇಳಿರಲಿಲ್ಲ ತಾಯವ್ವ. ಕೇಳಿದ್ದು ಹೀಗೆ.

ಹೋದ ಬುಧವಾರ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಇಟ್ಟಂಗಿಹಾಳಕ್ಕೆ ಹೋದೆ. ಬಾಬುಸಾಬ ಅಲ್ಲಿ ಮಗಳು ನಸ್ರೀನಳ ಮನೆಯಲ್ಲಿದ್ದಾನೆ. ಶ್ರಾವಣದಲ್ಲಿ ಲಕ್ವಾ ಹೊಡೆಯಿತು. ಆಗ ಪುಸ್ತಕ ಇನ್ನೂ ಅಚ್ಚಿನಲ್ಲಿತ್ತು. ಬಲಗೈ ಹೋಗಿದೆ. ಮಾತು ಪೂರಾ ಹೋಗಿದೆ. ಹಾಂ ಎನ್ನುವುದೊಂದೇ ಉಳಿದಿದೆ, ಅದೂ ಹೌದೋ ಅಲ್ಲವೋ ತಿಳಿಯುವುದಿಲ್ಲ. ಆ ಬೆರಳುಗಳನ್ನು ನೋಡಿ ನನಗೆ ಜಗಳ ತೆಗೆಯುವ ಧೈರ್ಯ ಉಳಿಯಲಿಲ್ಲ. ಆದರೂ ಹೋದದ್ದು ಜಗಳಕ್ಕೇ ಆದ್ದರಿಂದ, ಮಂಚದ ಬದಿಯಲ್ಲಿ ಕುಳಿತು ನೂರಾ ನಲವತ್ತೊಂದನೆಯ ಪುಟವನ್ನು ಗಟ್ಟಿಯಾಗಿ ಓದಿದೆ. ನಿನಗೆ ಗೊತ್ತಲ್ಲ, ನನಗೆ ಮೆಲ್ಲಗೆ ಓದಲು ಬರುವುದಿಲ್ಲ.

ಅವನ ಕಣ್ಣು ದೊಡ್ಡದಾಯಿತು. ಹಾಂ, ಹಾಂ ಎಂದ. ಎಡಗೈಯನ್ನು ಕಷ್ಟಪಟ್ಟು ತಲೆಯ ಮೇಲಕ್ಕೆ ಎತ್ತಿ ಹಾಗೇ ಹಿಡಿದ. ಇಳಿಸಲಿಲ್ಲ. ನಾನು ನೀರು ಬೇಕೆಂದುಕೊಂಡು ತಂಬಿಗೆ ಹಿಡಿದೆ. ತಲೆ ಹೊರಳಿಸಿದ. ದಿಂಬು ಸರಿಮಾಡಿದೆ. ಫ್ಯಾನು ಹಚ್ಚಿದೆ. ಅಷ್ಟು ಹೊತ್ತೂ ಆ ಕೈ ಮೇಲೇ ಇತ್ತು, ಅವನ ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯುತ್ತಿತ್ತು.

ನಸ್ರೀನ ಅಡುಗೆಮನೆಯಿಂದ ಬಂದು ಇದನ್ನೆಲ್ಲ ನೋಡಿದಳು. ಅಬ್ಬಾ ಪುಸ್ತಕವನ್ನು ಕೈಯಲ್ಲಿ ಬರೆದದ್ದಲ್ಲ, ಆರು ತಿಂಗಳು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿದ್ದು, ಪ್ರಕಾಶಕರು ಅದನ್ನು ಕೇಳಿ ಬರೆದುಕೊಂಡು ಅರ್ಧಕ್ಕರ್ಧ ಕತ್ತರಿಸಿದ್ದಾರೆ ಎಂದಳು. ಫೋನಿನಲ್ಲಿ ಹುಡುಕಿ ಹುಡುಕಿ ರೆಕಾರ್ಡಿನ ಆ ಜಾಗ ಹಚ್ಚಿದಳು. ಮಾತು ಕಳೆದುಕೊಂಡವನ ಪಕ್ಕದಲ್ಲೇ ಅವನ ಮಾತು ಎದ್ದುಬಂತು, ಆ ತಂಬಾಕಿನ ದನಿ, ಆ ನಗು:

"ಸಿಡಿಲಿನ ಸೀನಿನ್ಯಾಗ ತಾಯವ್ವ ಖೂನ ಮಾಡಾಕಿ, ನಾ ಬಾರಸಾಂವ. ಆಕಿ ಎಡಗೈ ಬೆರಳ ಆಡಸಿದ್ರ ನಾ ಏರಸಬೇಕು, ಬೆರಳ ನಿಂತ್ರ ನಾ ನಿಂತಂಗ. ಮಂದಿ ನೋಡಿ ಎಷ್ಟ ಹೊತ್ತು ನಿಲ್ಲಸಬೇಕು ಅನ್ನೂದು ಆಕಿಗೆ ಗೊತ್ತಿತ್ತು, ನನಗ ಗೊತ್ತಿರಲಿಲ್ಲ. ಸಿಡಿಲು ಅಂದ್ರ ಆಕಿನ. ನಂದು ಬರೇ ಸಪ್ಪಳ."

ಖೂನ! ಬಸ್ಸಿನಲ್ಲಿ ಸಿಕ್ಕ ಹಳೆಯ ಗೆಳೆಯನ ಗುರುತು ಸಿಗದಿದ್ದರೆ ಖೂನ ಹತ್ತಲಿಲ್ಲ ಎನ್ನುತ್ತೇವೆ, ಕುರಿಯ ಕಿವಿಗೆ ಖೂನ ಹಾಕುತ್ತೇವೆ, ರಂಗದ ಮೇಲಿನಿಂದ ಸಂಗೀತದವರಿಗೆ ಕಣ್ಣಲ್ಲೋ ಕೈಯಲ್ಲೋ ಸನ್ನೆ ಮಾಡುವುದಕ್ಕೂ ನಮ್ಮ ಕಂಪನಿಯಲ್ಲಿ ಅದೇ ಹೆಸರು. ಆದರೆ ಕೋರ್ಟಿನಲ್ಲಿ, ಪೇಪರಿನಲ್ಲಿ ಖೂನ ಎಂದರೆ ಕೊಲೆ. ನೀನು ಖೂನ ಮಾಡುತ್ತಿದ್ದೆ ಎಂದು ಅವನು ಕೈಮುಗಿದು ಹೇಳಿದ್ದನ್ನು ನೀನು ಕೊಲೆ ಮಾಡುತ್ತಿದ್ದೆ ಎಂದು ಅಚ್ಚು ಹಾಕಿದ್ದಾರೆ. ಹಾಗೆ ಹಾಕಿದ ಮೇಲೆ ಬೆರಳಿನ ಮಾತು, ಸಪ್ಪಳದ ಮಾತು ಅರ್ಥವಾಗದೆ ಕತ್ತರಿಸಿ ಬಿಸಾಕಿದ್ದಾರೆ. ಇಡೀ ಪುಸ್ತಕದಲ್ಲಿ ಬಾಬುಸಾಬ ಎದೆಯಿಂದ ಆಡಿದ ಮಾತು ಅದೊಂದೇ ಇರಬೇಕು. ಅದೊಂದಕ್ಕೇ ಈ ಗತಿ.

ಮಂಚದ ಮೇಲೆ ಎತ್ತಿದ್ದ ಆ ಕೈ ನಿನ್ನ ಕೈ ಎಂದು ನನಗೆ ತಿಳಿದದ್ದು ಆಗ. ನಾನು ಕಣ್ಣುಮುಚ್ಚಿ ಬಿದ್ದಿರುತ್ತಿದ್ದ ಹೊತ್ತಿನಲ್ಲಿ ನನ್ನ ಮೈಮೇಲೆ ನಿಂತು ನೀನು ಏನು ಮಾಡುತ್ತಿದ್ದೆ ಎಂಬುದನ್ನು ಮಾತಿಲ್ಲದವನು ಮಾಡಿ ತೋರಿಸಿದ.

ನೀನೂ ಹೇಳಿದ್ದೆ. ಹನ್ನೊಂದು ವರ್ಷದ ಹಿಂದೆ ಬಾಬುಸಾಬನ ಸನ್ಮಾನ ಮುಗಿಸಿಕೊಂಡು ಆಟೋದಲ್ಲಿ ಮನೆಗೆ ಬರುವಾಗ, ಆ ಸಭೆಯಲ್ಲಿ ನಾನು ಒಂದು ತಾಸು ಸಿಡಿಲಿನ ಬಗ್ಗೆ ಭಾಷಣ ಹೊಡೆದು ನಿನ್ನ ಹೆಸರೆತ್ತದೆ ಇಳಿದು ಬಂದ ಮೇಲೆ, ಆ ಮೌನ ನಂದು, ಖೂನ ಮಾಡುತ್ತಿದ್ದಾಕೆ ನಾನು ಎಂದು ನೀನಂದೆ. ನಾನು ಡ್ರೈವರನಿಗೂ ಕೇಳುವಂತೆ ನಕ್ಕೆ. "ಹೌದಬೇ, ದಿನಾ ನನ್ನ ಖೂನ ಮಾಡತಿದ್ದಿ" ಎಂದೆ. ಡ್ರೈವರನೂ ನಕ್ಕ. ಮರುದಿನ ಬೆಳಿಗ್ಗೆ ನೀನು ತಿಕೋಟಾದ ಬಸ್ಸು ಹತ್ತಿದೆ. ಇಷ್ಟು ಸಣ್ಣ ಮಾತಿಗೆ ಯಾರಾದರೂ ಮನೆ ಬಿಡುತ್ತಾರೆಯೇ ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗಿದೆ.

ಆ ರೆಕಾರ್ಡನ್ನು ನನ್ನ ಫೋನಿಗೆ ಹಾಕಿಕೊಡು ಎಂದು ನಸ್ರೀನಳನ್ನು ಬೇಡಿಕೊಂಡೆ. ಅದೇ ರೆಕಾರ್ಡಿನಲ್ಲಿ ಅವಳ ತಾಯಿಯ ಕೊನೆಯ ದಿನಗಳ ಮಾತೂ ಇದೆಯಂತೆ. "ಅಬ್ಬಾ ಹೂಂ ಅನ್ನೂತನಕಾ ಅವರ ದನಿ ನಾ ಹೊರಗ ಬಿಡಂಗಿಲ್ರಿ ಚಾಚಾ" ಎಂದಳು. ಅಬ್ಬಾ ಹೂಂ ಎನ್ನಲಾರ. ಹಾಂ ಎಂದದ್ದನ್ನು ಹೂಂ ಎಂದು ತಿಳಿದುಕೊಳ್ಳುವಂತೆ ನಾನು ಹೇಗೆ ಹೇಳಲಿ? ಅವಳದೂ ನ್ಯಾಯವೇ. ಬರಿಗೈಯಲ್ಲಿ ಬಂದೆ.

ನಿನ್ನೆ ಭಾನುವಾರ ಬಳಗದ ಸಭೆ ಕರೆದೆ. ಮೈಕಿಲ್ಲದೆ ಎರಡು ಸಾವಿರ ಮಂದಿಯನ್ನು ನಡುಗಿಸಿದ ಗಂಟಲು ಇದು. ಮೊಬೈಲು ಅಂಗಡಿಯಲ್ಲಿ ಹದಿನೇಳು ಮಂದಿಯ ಮುಂದೆ ನಿಂತಾಗ ಒಣಗಿತು. ಆದರೂ ಹೇಳಿದೆ. ಖೂನ ಎಂದರೆ ಸನ್ನೆ, ಆ ಒಂಬತ್ತು ಸೆಕೆಂಡು ತಾಯವ್ವನದು, ಬಾಬುಸಾಬ ತಾನೇ ಹಾಗೆಂದದ್ದನ್ನು ಈ ಕಿವಿಯಿಂದ ಕೇಳಿದ್ದೇನೆ, ಇದು ಮುದ್ರಾರಾಕ್ಷಸನ ಹಾವಳಿ ಎಂದೆ. ರಾಕ್ಷಸ ಎಂಬ ಶಬ್ದಕ್ಕೆ ಮಾತ್ರ ದನಿ ಸರಿಯಾಗಿ ಏರಿತು.

ಯಾರೂ ಒಪ್ಪಲಿಲ್ಲ. ಯುನುಸ ಸ್ಕ್ರೂಡ್ರೈವರು ಕೆಳಗಿಟ್ಟು, "ಕಾಕಾ, ಉಸ್ತಾದರ ಬಾಯಿ ಹ್ವಾದ ಮ್ಯಾಲ ಸಿಡಿಲು ನಿಮ್ಮ ಮನಿಗೆ ಬೇಕಾತೇನ್ರಿ?" ಎಂದ. ಇಷ್ಟು ವರ್ಷ ಹೇಳದೆ ಈಗ ಯಾಕೆ ಹೇಳುತ್ತೀರಿ ಎಂದು ಮತ್ತೊಬ್ಬ. ಕೈನಾತ ಮಾತ್ರ ರೆಕಾರ್ಡು ಕೇಳಿಸಿ ಎಂದಳು. ಇಲ್ಲವೆಂದೆ. ಹಾಗಾದರೆ ಪ್ರಕಾಶಕರಿಗೆ ಖೂನ ಎಂದರೆ ಕೊಲೆ ಎಂದು ಹೇಳಿದವರು ಯಾರು, ಆ ಮನುಷ್ಯನನ್ನಾದರೂ ಕರೆದು ತನ್ನಿ, ಅವರ ಬಾಯಿಂದ ಕೇಳಿದರೆ ವಿಡಿಯೋ ತೆಗೆದು ಬೇರೆ ಹಾಕುತ್ತೇನೆ ಎಂದಳು. ಯಾವನೋ ಅರ್ಧ ಪಂಡಿತನಿರಬೇಕು, ಅವನನ್ನು ಎಲ್ಲಿ ಹುಡುಕಲಿ ಎಂದು ಕುಳಿತುಬಿಟ್ಟೆ.

ಕೈನಾತ ಬಿಡುವವಳಲ್ಲ. ಗುರುವಾರ ತಿಕೋಟಾಕ್ಕೆ ಬರುತ್ತಾಳೆ, ನಿನ್ನನ್ನೇ ಕೇಳುತ್ತಾಳೆ. ಕ್ಯಾಮೆರಾ ತರುತ್ತಾಳೆ. ಬಾಬುಸಾಬ ನಿನ್ನನ್ನು ಹೊಡೆದದ್ದು ಹೌದೇ ಎಂದು ಕೇಳುವಾಗ ಅವಳ ಕಣ್ಣಲ್ಲಿ ನೀರಿರುತ್ತದೆ, ಅದು ಕಪಟವಲ್ಲ, ಗದರಬೇಡ. ಇದ್ದದ್ದನ್ನು ಹೇಳು. ನಂಬುತ್ತಾಳೋ ಇಲ್ಲವೋ ನಾನರಿಯೆ. ಪೆಟ್ಟು ತಿಂದ ಹೆಣ್ಣು ಹೊಡೆದವನ ಪರವಾಗಿಯೇ ಮಾತಾಡುವುದು ಲೋಕದಲ್ಲಿ ಇದ್ದದ್ದೇ ಎಂದು ಅವಳು ನಿನ್ನೆ ಮೊದಲೇ ಹೇಳಿ ಇಟ್ಟಿದ್ದಾಳೆ. ನೀನು ಹೌದೆಂದರೂ ಕಷ್ಟ, ಅಲ್ಲವೆಂದರೂ ಕಷ್ಟ.

ನಿನ್ನ ಹೆಸರು ಒಂದು ಪುಸ್ತಕದಲ್ಲಿ ಬರಬೇಕೆಂದು ನೀನು ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಇದ್ದರೆ ಕಳಿಸು ಎಂದೆ, ಅಷ್ಟೇ. ಇದೆ, ಕಳಿಸಿದ್ದೇನೆ. ಸಾವಿರ ಪ್ರತಿ ಅಚ್ಚಾಗಿವೆ. ಮೂವತ್ತು ನನ್ನ ಕೈಯಲ್ಲಿದ್ದವು, ಅವನ್ನೂ ಹಂಚಿ ಮುಗಿಸಿದ್ದೇನೆ. ನನ್ನಿಂದ ಇನ್ನೇನಾಗುತ್ತದೆ ಎಂದು ಕೇಳಬೇಡ. ಯಾವ ಮಾತನ್ನು ಎಲ್ಲಿ ನಿಂತು ಕೂಗಿದರೆ ಈ ಸಾಲು ಅಳಿಸಿಹೋದೀತು ಎಂದು ಮೂರು ದಿನ ಯೋಚಿಸಿದೆ, ತೋಚಲಿಲ್ಲ.

ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚು. ಉತ್ತರ ಬರೆಯಬೇಕೆಂದಿಲ್ಲ.

ಇಂತಿ,
ನಿನ್ನ ಕೈಯಿಂದ ಸಾವಿರ ಸಲ ಸತ್ತು, ಒಂದು ಸಲವೂ ನಿನ್ನನ್ನು ನೋಡದ
ಖಂಡಪ್ಪ

ತಾ.ಕ.: ಹೆಸರು ಹಾಕಿ, ಮಡಚಿ, ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಹರಿದು ತೆಗೆದಿದ್ದೇನೆ.

ಜೂನ್ ತಿಂಗಳಲ್ಲಿ ಪ್ರಕಾಶಕರ ಕಡೆಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿದ್ದಳು. ನಿಮ್ಮ ಕಡೆಯ ಕೆಲವು ಶಬ್ದ ತಿಳಿಯುತ್ತಿಲ್ಲ, ಬಾಬುಸಾಬರು ನಿಮ್ಮ ನಂಬರು ಕೊಟ್ಟರು ಎಂದಳು. ಆಗ ಯುನುಸನ ಅಂಗಡಿಯಲ್ಲಿ ಐದಾರು ಮಂದಿ ಗಿರಾಕಿಗಳಿದ್ದರು, ಯುನುಸನೂ ಬಳಗದವರೂ ಇರಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ನಲವತ್ತು ಶಬ್ದಗಳಿಗೆ ಅರ್ಥ ಹೇಳಿದೆ. ಖೂನ ಬರುವ ಹೊತ್ತಿಗೆ ಅವರೆಲ್ಲ ಚಹಾಕ್ಕೆ ಎದ್ದುಹೋಗಿದ್ದರು, ನಾನೊಬ್ಬನೇ ಇದ್ದೆ. ಕೊಲೆ ಎಂದೆ. ಅವಳು ಬಿಡಲಿಲ್ಲ. "ಸನ್ನೆ ಅಂತ ಏನಾದ್ರೂ ಅರ್ಥ ಇದೆಯಾ ಸರ್? ಮುಂದೆ ಬೆರಳು ಆಡಿಸಿದಳು ಅಂತ ಬರುತ್ತೆ" ಎಂದಳು. ಆಗ ನೀನು ಆಟೋದಲ್ಲಿ ಹೇಳಿದ್ದು ನನಗೆ ನೆನಪಾಗಲಿಲ್ಲವೆಂದು ಬರೆದರೆ ಈ ಪತ್ರವೂ ಆ ಪುಸ್ತಕದಂತೆಯೇ ಆಗುತ್ತದೆ. ನೆನಪಾಯಿತು. ಇಲ್ಲ ತಂಗಿ, ಕೊಲೆಯೇ ಬರೆದುಕೊ ಎಂದೆ.

ನಿನ್ನ ಪ್ರತಿಯ ಮೊದಲಿನಲ್ಲಿ ಒಂದು ಹಾಳೆ ಹರಿದಿರುವುದು ನಿನಗೆ ಕಾಣುತ್ತದೆ. ಹರಿದವನು ನಾನೇ. ಉಳಿದ ಪ್ರತಿಗಳಲ್ಲಿ ಅದು ಇದೆ, ಇಲ್ಲಿಯ ತನಕ ಯಾರೂ ಓದಿಲ್ಲ, ಕೃತಜ್ಞತೆಯ ಪುಟವನ್ನು ಯಾರು ಓದುತ್ತಾರೆ. ಅದನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಗುರುವಾರ ಕೈನಾತಳಿಗೆ ತೋರಿಸುವುದೂ ಬಿಡುವುದೂ ನಿನ್ನ ಕೈಯಲ್ಲಿದೆ. ಕೆಳಗಿನಿಂದ ಮೂರನೆಯ ಸಾಲು: "ಉತ್ತರ ಕರ್ನಾಟಕದ ಶಬ್ದಗಳಿಗೆ ಸರಿಯಾದ ಅರ್ಥ ತಿಳಿಸಿ ಈ ಕೃತಿಯನ್ನು ದೋಷಮುಕ್ತವಾಗಿಸಿದ ಹಿರಿಯ ರಂಗನಟ ಶ್ರೀ ಖಂಡಪ್ಪನವರಿಗೆ."